ಪಿಯು ಗಣಿತದಲ್ಲಿ 71, ಸಿಇಟಿ ಗಣಿತದಲ್ಲಿ 19: ಅಂಕ ಸೋರುತ್ತಿರುವುದು ಎಲ್ಲಿ?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ, ಪಿಸಿಎಂಬಿ. ಹತ್ತನೇ ತರಗತಿವರೆಗೆ ನಮ್ಮೂರ ಶಾಲೆಯಲ್ಲೇ ಕನ್ನಡ ಮಾಧ್ಯಮ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 71 ಬಂತು. ಆದರೆ ಹಳೆಯ ಸಿಇಟಿ (ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಪೇಪರ್ ಮಾಡಲು ಕೂತರೆ 60ಕ್ಕೆ 20 ದಾಟುವುದೇ ಇಲ್ಲ. ಹೋದ ಭಾನುವಾರ ಗಡಿಯಾರ ಇಟ್ಟುಕೊಂಡು ಮಾಡಿದೆ. 80 ನಿಮಿಷ ಮುಗಿದಾಗ 38 ಪ್ರಶ್ನೆ ಆಗಿತ್ತು, 22 ಖಾಲಿ ಉಳಿಯಿತು. ನೋಡಿದರೆ 19 ಮಾತ್ರ ಸರಿ. ಫಿಸಿಕ್ಸ್‌ನಲ್ಲಿ 29, ಕೆಮಿಸ್ಟ್ರಿಯಲ್ಲಿ 31 ಬರುತ್ತಿದೆ. ಗಣಿತವೇ ನನ್ನನ್ನು ಕೆಳಗೆ ಎಳೆಯುತ್ತಿದೆ. ಒಬ್ಬರು ನಿನ್ನ ಬೇಸಿಕ್ಸ್ ಸರಿಯಿಲ್ಲ, ಎಂಟನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡು ಅಂತಾರೆ. ಇನ್ನೊಬ್ಬರು 18 ಸಾವಿರ ಕಟ್ಟಿ ಆನ್‌ಲೈನ್ ಶಾರ್ಟ್‌ಕಟ್ ಕೋರ್ಸ್ ಸೇರು ಅಂತಾರೆ. ಅಪ್ಪ ಸಾಲ ಮಾಡಿಯಾದರೂ ಕಟ್ಟುತ್ತೇನೆ ಅಂತಿದ್ದಾರೆ. ಬೋರ್ಡ್ ಓದು ಬಿಟ್ಟು ಸಿಇಟಿಗೇ ಕೂರಲಾ? ಒಂದು ವರ್ಷ ಡ್ರಾಪ್ ಮಾಡಲಾ? ಅಥವಾ ಎಂಜಿನಿಯರಿಂಗ್ ಆಸೆಯನ್ನೇ ಬಿಟ್ಟು ಬಿಎಸ್ಸಿ ಸೇರಲಾ? ಇನ್ನು ನಾಲ್ಕು ತಿಂಗಳಷ್ಟೇ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಎಷ್ಟು ಪ್ರಶ್ನೆ ಮಾಡಿದಿರಿ, ಎಷ್ಟು ಸರಿ, ಎಷ್ಟು ಖಾಲಿ, ಎಲ್ಲವನ್ನೂ ಬರೆದಿದ್ದೀರಿ. ಹೆಚ್ಚಿನ ಮಕ್ಕಳು ‘ಮ್ಯಾಥ್ಸ್ ಬರಲ್ಲ ಮೇಡಂ’ ಅಂತಷ್ಟೇ ಹೇಳುತ್ತಾರೆ. ಅದರಿಂದ ಯಾರಿಗೂ ಏನೂ ಹೇಳಲಾಗುವುದಿಲ್ಲ. ನಿಮ್ಮ ಮೂರು ಸಂಖ್ಯೆಗಳಿಂದ ಸಾಕಷ್ಟು ಹೇಳಬಹುದು.

ನಿಮ್ಮ ಭಯ ನನಗೆ ಅರ್ಥವಾಗುವುದು ಹೀಗೆ: ಮಧ್ಯವಾರ್ಷಿಕ ಪರೀಕ್ಷೆಯ 71 ಸುಳ್ಳಿರಬೇಕು, ಸಿಇಟಿಯ 19 ನಿಜವಿರಬೇಕು, ಅಂದರೆ ನನಗೆ ಗಣಿತ ಬರುವುದಿಲ್ಲ. ಇದು ಸರಿಯಲ್ಲ. 71 ಕೂಡ ನಿಜ, 19 ಕೂಡ ನಿಜ. ಎರಡೂ ಬೇರೆ ಬೇರೆ ಕೆಲಸವನ್ನು ಅಳೆಯುತ್ತವೆ. ಬೋರ್ಡ್ ಪರೀಕ್ಷೆ, ಅದೇ ಮಾದರಿಯ ನಿಮ್ಮ ಮಧ್ಯವಾರ್ಷಿಕವೂ, ನೀವು ಲೆಕ್ಕವನ್ನು ಬರೆಯಬಲ್ಲಿರಾ ಎಂದು ನೋಡುತ್ತದೆ. ಸಿಇಟಿ ಲೆಕ್ಕವನ್ನು ಗುರುತಿಸಬಲ್ಲಿರಾ ಎಂದು ನೋಡುತ್ತದೆ. ಎರಡು ವರ್ಷ ನೀವು ಅಭ್ಯಾಸ ಮಾಡಿರುವುದು ಮೊದಲನೆಯದನ್ನು. ಎರಡನೆಯದನ್ನು ಇನ್ನೂ ಶುರುವೇ ಮಾಡಿಲ್ಲ.

ಒಂದು ಉದಾಹರಣೆ ನೋಡೋಣ. ಮ್ಯಾಟ್ರಿಕ್ಸ್ ಪಾಠದಿಂದ ಬೋರ್ಡ್ ಪರೀಕ್ಷೆಗೆ ಬರುವ ಪ್ರಶ್ನೆ ನಿಮಗೆ ಬಾಯಿಪಾಠ: ಮೂರು ಸಮೀಕರಣ ಕೊಟ್ಟು ಮ್ಯಾಟ್ರಿಕ್ಸ್ ವಿಧಾನದಲ್ಲಿ ಬಿಡಿಸಿ ಅಂತಾರೆ. ಒಂದು ಪುಟ ಬರೆಯುತ್ತೀರಿ. ಮಧ್ಯೆ ಒಂದು ಚಿಹ್ನೆ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ. ಅದೇ ಪಾಠದಿಂದ ಸಿಇಟಿಯಲ್ಲಿ ಹೀಗೆ ಕೇಳಬಹುದು: ‘ಎ’ ಒಂದು 3×3 ಮ್ಯಾಟ್ರಿಕ್ಸ್. ಅದರ ಡಿಟರ್ಮಿನಂಟ್ 5. ಹಾಗಾದರೆ ‘2ಎ’ ಡಿಟರ್ಮಿನಂಟ್ ಎಷ್ಟು? ಆಯ್ಕೆಗಳಲ್ಲಿ 10 ಇದ್ದೇ ಇರುತ್ತದೆ. ಅವಸರದಲ್ಲಿ ಇರುವವರು ಅದನ್ನೇ ತುಂಬುತ್ತಾರೆ. ಆದರೆ ಮ್ಯಾಟ್ರಿಕ್ಸ್ ಅನ್ನು 2ರಿಂದ ಗುಣಿಸಿದರೆ ಮೂರು ಸಾಲುಗಳೂ 2ರಿಂದ ಗುಣಿಸಲ್ಪಡುತ್ತವೆ. ಡಿಟರ್ಮಿನಂಟ್‌ನಿಂದ ಪ್ರತಿ ಸಾಲಿಗೆ ಒಂದು 2 ಹೊರಬರುತ್ತದೆ. ಅಲ್ಲಿಗೆ 8 ಗುಣಿಸು 5, ಉತ್ತರ 40. ಬರೆಯುವುದು ಏನೂ ಇಲ್ಲ. ಗೊತ್ತಿದ್ದರೆ ಹತ್ತು ಸೆಕೆಂಡು. ಗೊತ್ತಿಲ್ಲದಿದ್ದರೆ ಒಂದು ಮ್ಯಾಟ್ರಿಕ್ಸ್ ಊಹಿಸಿಕೊಂಡು ಬಿಡಿಸಲು ಹೋಗಿ ನಾಲ್ಕು ನಿಮಿಷ. ಈ ಗುಣ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ದೊಡ್ಡ ಲೆಕ್ಕಕ್ಕೆ ಓದುವಾಗ ಅದರ ಮೇಲೆ ಕಣ್ಣು ನಿಂತಿರುವುದಿಲ್ಲ, ಅಷ್ಟೆ.

ಈಗ ನಿಮ್ಮ ಸಂಖ್ಯೆಗಳಿಗೆ ಬರೋಣ. ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಂದು ಪ್ರಶ್ನೆಗೆ ಸರಿಯಾಗಿ 80 ಸೆಕೆಂಡು. ನೀವು 38 ಪ್ರಶ್ನೆಗೆ 80 ನಿಮಿಷ ತೆಗೆದುಕೊಂಡಿದ್ದೀರಿ, ಅಂದರೆ ಒಂದಕ್ಕೆ ಎರಡು ನಿಮಿಷಕ್ಕೂ ಜಾಸ್ತಿ. ಬೋರ್ಡ್ ಪರೀಕ್ಷೆಯ ಹಾಗೆ ಒಂದರಿಂದ ಶುರು ಮಾಡಿ ಸಾಲಾಗಿ ಹೋಗಿದ್ದೀರಿ ಎಂದು ಇದರಿಂದಲೇ ತಿಳಿಯುತ್ತದೆ. ಸಿಇಟಿಯಲ್ಲಿ ಸುಲಭದ ಪ್ರಶ್ನೆಗಳು ಮೊದಲೇ ಬರುತ್ತವೆ ಎಂಬ ನಿಯಮ ಇಲ್ಲ. ನೀವು ಮುಟ್ಟದ ಆ 22ರಲ್ಲಿ ನಿಮಗೆ ಚೆನ್ನಾಗಿ ಬರುವ ಐದಾರು ಖಂಡಿತ ಇದ್ದವು ಎಂದು ನಾನು ಹೇಳಬಲ್ಲೆ. ಆ ಪೇಪರ್ ತೆಗೆದು ಈಗಲೇ ನೋಡಿ.

ಇನ್ನೊಂದು ವಿಷಯ ಇದಕ್ಕಿಂತ ನೇರವಾದದ್ದು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಿರುವಾಗ ಉತ್ತರ ಗುರುತಿಸುವ ಓಎಂಆರ್ ಹಾಳೆಯಲ್ಲಿ ಒಂದು ಪ್ರಶ್ನೆಯ ವೃತ್ತವನ್ನೂ ಖಾಲಿ ಬಿಡಬಾರದು. 22 ಪ್ರಶ್ನೆಗೆ ಸುಮ್ನೆ ಕಣ್ಣು ಮುಚ್ಚಿ ಒಂದೊಂದು ವೃತ್ತ ತುಂಬಿದ್ದರೂ ಸರಾಸರಿ ಐದು ಅಂಕ ಬರುವ ಸಾಧ್ಯತೆ ಇತ್ತು. ಗ್ಯಾರಂಟಿ ಅಲ್ಲ. ಒಮ್ಮೆ ಎರಡು ಬರಬಹುದು, ಒಮ್ಮೆ ಎಂಟು. ಆದರೆ ಖಾಲಿ ಬಿಟ್ಟರೆ ಬರುವುದು ಸೊನ್ನೆಯೇ. ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದು ಹಾಕಿ ಊಹಿಸಿದರೆ ಸರಿ ಬರುವ ಸಾಧ್ಯತೆ ಅರ್ಧಕ್ಕೆ ಏರುತ್ತದೆ. ರಾಷ್ಟ್ರ ಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ ಹೀಗಲ್ಲ. ಅಲ್ಲಿ ಸರಿಗೆ 4, ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ. ಎರಡನ್ನೂ ಬರೆಯುವ ಮಕ್ಕಳು ಅಲ್ಲಿಯ ಹೆದರಿಕೆಯನ್ನು ಇಲ್ಲಿಗೆ ತಂದು ಖಾಲಿ ಬಿಡುವುದನ್ನು ಪ್ರತಿ ವರ್ಷ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ.

ಇನ್ನು ಉಳಿದದ್ದು ನೀವು ಮಾಡಿದ 38ರಲ್ಲಿ ತಪ್ಪಾದ 19. ನಿಜವಾದ ಕೆಲಸ ಇರುವುದು ಇಲ್ಲಿ. ‘ಬೇಸಿಕ್ಸ್ ಸರಿಯಿಲ್ಲ’ ಅನ್ನುವುದು ತುಂಬಾ ಸುಲಭದ ಮಾತು. ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ನಾನು ಮಕ್ಕಳಿಗೆ ಮಾಡಿಸುವುದು ಇಷ್ಟು: ಪೇಪರ್ ಮುಗಿದ ಮೇಲೆ, ಕೀ ಉತ್ತರ ನೋಡುವ ಮೊದಲು, ತಪ್ಪಾದ ಮತ್ತು ಬಿಟ್ಟ ಪ್ರಶ್ನೆಗಳನ್ನೆಲ್ಲ ಗಡಿಯಾರ ಇಲ್ಲದೆ ಇನ್ನೊಮ್ಮೆ ಮಾಡಬೇಕು. ಯಾವುದು ತಪ್ಪು ಎಂದಷ್ಟೇ ಗೆಳತಿಯೊಬ್ಬಳು ಗುರುತು ಹಾಕಿಕೊಡಲಿ, ಸರಿ ಉತ್ತರ ಹೇಳುವುದು ಬೇಡ. ಎರಡನೇ ಸಲವೂ ಬರಲಿಲ್ಲ ಅಂದರೆ ಆ ವಿಷಯ ನಿಮಗೆ ಗೊತ್ತಿಲ್ಲ. ಎರಡನೇ ಸಲ ಬಂತು ಅಂದರೆ ಗೊತ್ತಿದೆ, ಆದರೆ ಮೊದಲ ಸಲ ಗುರುತು ಸಿಗಲಿಲ್ಲ, ಅಥವಾ ಕೈತಪ್ಪು ಆಯಿತು, ಅಥವಾ ಪ್ರಶ್ನೆಯನ್ನೇ ತಪ್ಪಾಗಿ ಓದಿದಿರಿ. ಪ್ರತಿ ತಪ್ಪಿನ ಪಕ್ಕದಲ್ಲಿ ಇದರಲ್ಲಿ ಯಾವುದು ಎಂದು ಒಂದು ಪದ ಬರೆಯಿರಿ: ಗೊತ್ತಿಲ್ಲ, ಗುರುತು, ಕೈತಪ್ಪು, ಓದು. ಮೂರು ಪೇಪರ್‌ಗೆ ಹೀಗೆ ಮಾಡಿದರೆ ನಿಮ್ಮ ಕಾಯಿಲೆ ಯಾವುದು ಎಂದು ನಿಮಗೇ ಕಾಣುತ್ತದೆ. ಬೋರ್ಡ್‌ನಲ್ಲಿ ನಿಮ್ಮಷ್ಟು ಅಂಕ ತೆಗೆಯುವ ಮಕ್ಕಳಲ್ಲಿ ಸಾಮಾನ್ಯವಾಗಿ ‘ಗೊತ್ತಿಲ್ಲ’ ಅನ್ನುವುದು ನೀವು ಹೆದರಿದಷ್ಟು ಇರುವುದಿಲ್ಲ. ‘ಗುರುತು’ ಜಾಸ್ತಿ ಇರುತ್ತದೆ.

ಹಳೆಯ ಪೇಪರ್ ಬಳಸುವಾಗ ಒಂದು ಎಚ್ಚರ. ನೀವು ಓದುವ ಎನ್‌ಸಿಇಆರ್‌ಟಿ ಪಠ್ಯದಿಂದ ಕೆಲವು ಪಾಠ, ಕೆಲವು ಭಾಗ ಕೈಬಿಟ್ಟಿದ್ದಾರೆ. ಮ್ಯಾಥಮೆಟಿಕಲ್ ಇಂಡಕ್ಷನ್, ಮ್ಯಾಥಮೆಟಿಕಲ್ ರೀಸನಿಂಗ್ ಹಾಗೆ ಹೋದವು. ಹಳೆಯ ಪೇಪರ್‌ಗಳಲ್ಲಿ ಅವು ಇರುತ್ತವೆ. ಅವನ್ನು ತಪ್ಪು ಮಾಡಿದೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ನಿಮಗೆ ನೆನಪಿರಬಹುದು, 2024ರ ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ನಾಲ್ಕೂ ವಿಷಯ ಸೇರಿ ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅದನ್ನು ನೋಡಿ ಕೆಲವರು ಬಿಟ್ಟ ಪಾಠಗಳನ್ನೂ ಓದಿಬಿಡೋಣ ಅಂತಾರೆ. ಬೇಡ. ಈಗಿನ ಪಠ್ಯಪುಸ್ತಕವೇ ನಿಮ್ಮ ಗಡಿ.

‘ಎಂಟನೇ ಕ್ಲಾಸಿನಿಂದ ಶುರು ಮಾಡು’ ಎಂಬ ಸಲಹೆಯನ್ನು ಬಿಡಿ. ನಾಲ್ಕು ತಿಂಗಳಲ್ಲಿ ಅದು ಆಗುವ ಮಾತಲ್ಲ. ನಿಮಗೆ ಬೇಕಾಗಿಯೂ ಇಲ್ಲ. ಆದರೆ ಆ ಮಾತಿನ ಹಿಂದೆ ಒಂದು ಸತ್ಯ ಇದೆ. ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಭಿನ್ನರಾಶಿ ಕೂಡಿಸುವುದು, ಚಿಹ್ನೆ ಬದಲಾಗುವುದು, ಅಪವರ್ತನ, 30ರವರೆಗಿನ ವರ್ಗಗಳು, ತ್ರಿಕೋನಮಿತಿಯ 0, 30, 45, 60, 90 ಡಿಗ್ರಿ ಬೆಲೆಗಳು ಬೆರಳ ತುದಿಯಲ್ಲಿರಬೇಕು. ಅವಕಲನ ಮತ್ತು ಅನುಕಲನದ ಸೂತ್ರಗಳು ಎರಡೂ ದಿಕ್ಕಿನಲ್ಲಿ ಬರಬೇಕು. ಸೆಕ್ ವರ್ಗ ಕಂಡರೆ ಟ್ಯಾನ್ ನೆನಪಾಗಬೇಕು, ಟ್ಯಾನ್ ಕಂಡರೆ ಸೆಕ್ ವರ್ಗ. ಇದಕ್ಕೆ ಪುಸ್ತಕ ಬೇಡ. ದಿನಾ ಬೆಳಿಗ್ಗೆ ಹದಿನೈದು ನಿಮಿಷ ಬಾಯಲ್ಲಿ ಹೇಳಿ, ಒಂದು ಹಾಳೆಯಲ್ಲಿ ಬರೆದು ಹರಿದು ಹಾಕಿ.

ನಿಜವಾಗಿ ಹಿಂದೆ ಹೋಗಬೇಕಾದ್ದು ಪ್ರಥಮ ಪಿಯುಸಿಗೆ. ಅಲ್ಲಿ ಬಹಳ ಮಕ್ಕಳು ಎಡವುತ್ತಾರೆ. ಹತ್ತನೇ ತರಗತಿ ಮುಗಿಸಿ ಬಂದ ದಣಿವು, ಕನ್ನಡದಿಂದ ಇಂಗ್ಲಿಷಿಗೆ ಹಾರಿದ ವರ್ಷ, ಹೇಗೂ ಪಾಸಾದರೆ ಸಾಕು ಅನ್ನುವ ಭಾವನೆ. ಸಿಇಟಿಯಲ್ಲಿ ದ್ವಿತೀಯ ಪಿಯುಸಿಯ ಪಾಲು ಜಾಸ್ತಿ, ನಿಜ. ಆದರೆ ಪ್ರಥಮ ಪಿಯುಸಿಯ ಪ್ರಶ್ನೆಗಳು ಹೆಚ್ಚಿನವು ಚಿಕ್ಕವು, ನೇರವಾದವು. ಸೆಟ್ಸ್, ಸರಳರೇಖೆ, ಸಂಕೀರ್ಣ ಸಂಖ್ಯೆ, ಬೈನಾಮಿಯಲ್, ಶ್ರೇಢಿಗಳು, ಲಿಮಿಟ್ಸ್ ಇವು ಆರು ವಾರದಲ್ಲಿ ದಡ ಸೇರುವ ಪಾಠಗಳು. ತ್ರಿಕೋನಮಿತಿಯನ್ನು ಮಾತ್ರ ಮೊದಲಿಗೆ ಹಿಡಿಯಿರಿ. ಅದು ಗಟ್ಟಿಯಾಗದೆ ದ್ವಿತೀಯ ವರ್ಷದ ಇನ್ವರ್ಸ್ ತ್ರಿಕೋನಮಿತಿಯೂ ನಿಲ್ಲುವುದಿಲ್ಲ, ಅನುಕಲನವೂ ನಿಲ್ಲುವುದಿಲ್ಲ. ಸೈನ್ ಇನ್ವರ್ಸ್ ಆಫ್ ಸೈನ್ 120 ಡಿಗ್ರಿ ಎಷ್ಟು ಎಂದು ಕೇಳಿದರೆ ಅರ್ಧ ಕ್ಲಾಸು 120 ಅಂತಾರೆ. ಸೈನ್ ಇನ್ವರ್ಸ್‌ನ ಉತ್ತರ ಮೈನಸ್ 90ರಿಂದ 90ರ ಒಳಗೇ ಇರಬೇಕು ಅಲ್ವಾ? ಆದ್ದರಿಂದ 60. ಇಂಥ ಪ್ರಶ್ನೆಯಲ್ಲಿ ಲೆಕ್ಕವೇ ಇಲ್ಲ, ವ್ಯಾಪ್ತಿ ನೆನಪಿದೆಯಾ ಎಂಬುದಷ್ಟೇ ಪರೀಕ್ಷೆ.

ಭಾಷೆಯ ವಿಷಯವನ್ನು ನೀವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅದನ್ನು ಹಗುರವಾಗಿ ನೋಡುವುದಿಲ್ಲ. ಹತ್ತು ವರ್ಷ ಕನ್ನಡದಲ್ಲಿ ಗಣಿತ ಕಲಿತವರಿಗೆ ಬುದ್ಧಿ ಕಡಿಮೆ ಇರುವುದಿಲ್ಲ. ಇಂಗ್ಲಿಷ್ ವಾಕ್ಯ ಓದಿ ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳಲು ಪ್ರತಿ ಪ್ರಶ್ನೆಗೂ ಹತ್ತು ಹದಿನೈದು ಸೆಕೆಂಡು ಖರ್ಚಾಗುತ್ತದೆ. 80 ಸೆಕೆಂಡಿನಲ್ಲಿ ಅದು ದೊಡ್ಡ ಖರ್ಚು. ಮೂರು ಸಲ ನಾಣ್ಯ ಚಿಮ್ಮಿದಾಗ ‘ಅಟ್ ಲೀಸ್ಟ್ ಒನ್ ಹೆಡ್’ ಅಂದರೆ ಉತ್ತರ 7/8, ‘ಅಟ್ ಮೋಸ್ಟ್ ಒನ್ ಹೆಡ್’ ಅಂದರೆ 1/2. ಎರಡೂ ಆಯ್ಕೆಗಳಲ್ಲಿ ಇರುತ್ತವೆ. ಸಂಭವನೀಯತೆ ಚೆನ್ನಾಗಿ ಗೊತ್ತಿದ್ದವರೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಹಾಗೆಯೇ ‘ನಾಟ್ ಕರೆಕ್ಟ್’, ‘ರೆಸ್ಪೆಕ್ಟಿವ್ಲಿ’, ‘ಒನ್ ಒನ್ ಬಟ್ ನಾಟ್ ಆನ್‌ಟು’. ಇಂಗ್ಲಿಷ್ ಪೂರ್ತಿ ಕಲಿಯಬೇಕಾಗಿಲ್ಲ. ಗಣಿತದ ಪ್ರಶ್ನೆಗಳಲ್ಲಿ ತಿರುಗಿ ತಿರುಗಿ ಬರುವ ಮಾತುಗಳು ಒಂದು ನೂರು ಇರಬಹುದು. ಹಳೆಯ ಪೇಪರ್ ಮಾಡುವಾಗ ತಡೆದು ನಿಲ್ಲಿಸಿದ ಪ್ರತಿ ಪದವನ್ನೂ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡಿ. ಪರೀಕ್ಷೆಯಲ್ಲಿ ಆ ಪದಗಳ ಕೆಳಗೆ ಗೆರೆ ಎಳೆದೇ ಮುಂದೆ ಹೋಗಿ.

ಈಗ ಶಾರ್ಟ್‌ಕಟ್ ಕೋರ್ಸ್. ನೀವು ಹೇಳಿದ ಕೋರ್ಸ್ ಯಾವುದೆಂದು ನನಗೆ ಗೊತ್ತಿಲ್ಲ, ಹಾಗಾಗಿ ಅದರ ಬಗ್ಗೆ ಒಳ್ಳೆಯದು ಕೆಟ್ಟದ್ದು ಹೇಳುವುದಿಲ್ಲ. ಶಾರ್ಟ್‌ಕಟ್‌ಗಳ ಬಗ್ಗೆ ಹೇಳುತ್ತೇನೆ. ಅವುಗಳಲ್ಲಿ ಎರಡು ಬಗೆ. ಒಂದು, ಪಾಠ ಅರ್ಥವಾದವರಿಗೆ ತಾನಾಗಿ ಕಾಣುವ ಹತ್ತಿರದ ದಾರಿ. ಇನ್ನೊಂದು, ಅರ್ಥ ಇಲ್ಲದೆ ಬಾಯಿಪಾಠ ಮಾಡಿದ ಸೂತ್ರ. ಎರಡನೆಯದು ಪ್ರಶ್ನೆ ಸ್ವಲ್ಪ ಬದಲಾದರೆ ಸಾಕು, ಕೈಕೊಡುತ್ತದೆ. ನೂರು ಸೂತ್ರ ಕಲಿತವರು ಪರೀಕ್ಷೆಯಲ್ಲಿ ಯಾವುದನ್ನು ಎಲ್ಲಿ ಹಾಕಬೇಕೆಂದು ಯೋಚಿಸುತ್ತಾ ಕೂರುತ್ತಾರೆ.

ಮೊದಲನೆಯ ಬಗೆಯನ್ನು ದುಡ್ಡು ಕೊಡದೆ ಕಲಿಯಬಹುದು. ಎರಡು ತೋರಿಸುತ್ತೇನೆ. ಒಂದು ಪ್ರಶ್ನೆ: (2, 3) ಬಿಂದುವಿನ ಮೂಲಕ ಹಾದು, 3ಎಕ್ಸ್ + 4ವೈ = 5 ರೇಖೆಗೆ ಲಂಬವಾಗಿರುವ ರೇಖೆ ಯಾವುದು? ಬೋರ್ಡ್ ರೀತಿಯಲ್ಲಿ ಇಳಿಜಾರು ಕಂಡುಹಿಡಿದು, ಸಮೀಕರಣ ಕಟ್ಟಿ, ಸುಲಭ ಮಾಡಬೇಕು. ಆಯ್ಕೆ ಕಣ್ಣ ಮುಂದೆ ಇದೆ ಅಲ್ವಾ? ಲಂಬ ಅಂದರೆ 4ಎಕ್ಸ್ − 3ವೈ ರೂಪದಲ್ಲಿರಬೇಕು. ಅಲ್ಲಿಗೆ ಎರಡು ಆಯ್ಕೆ ಹೋಗಬಹುದು. ಉಳಿದವಕ್ಕೆ 2, 3 ಹಾಕಿ ನೋಡಿ. 4ಎಕ್ಸ್ − 3ವೈ + 1 ಸೊನ್ನೆಯಾಗುತ್ತದೆ. ಮುಗಿಯಿತು. ಇನ್ನೊಂದು: 1×2 + 2×3 + 3×4 ಹೀಗೆ ‘ಎನ್’ ಪದಗಳ ಮೊತ್ತ ಎಷ್ಟು ಎಂದು ಕೇಳಿ ನಾಲ್ಕು ಸೂತ್ರ ಕೊಟ್ಟಿರುತ್ತಾರೆ. ‘ಎನ್’ ಜಾಗಕ್ಕೆ 1 ಹಾಕಿದರೆ 2 ಬರಬೇಕು, 2 ಹಾಕಿದರೆ 8 ಬರಬೇಕು. ಎರಡನ್ನೂ ದಾಟುವುದು ಬಹುತೇಕ ಒಂದೇ ಆಯ್ಕೆ. ಹಾಗೆಯೇ, ಅನುಕಲನದ ಉತ್ತರವನ್ನು ಅವಕಲನ ಮಾಡಿ ಪರೀಕ್ಷಿಸಬಹುದು.

ಇದಕ್ಕೂ ಮಿತಿ ಇದೆ. ಆಯ್ಕೆಗಳು ತುಂಬಾ ಉದ್ದವಾಗಿದ್ದರೆ ನಾಲ್ಕನ್ನೂ ಪರೀಕ್ಷಿಸುವ ಬದಲು ನೇರವಾಗಿ ಬಿಡಿಸುವುದೇ ಬೇಗ. ಆ ಅಂದಾಜು ಬರುವುದು ಅಭ್ಯಾಸದಿಂದ ಮಾತ್ರ. ಸಾಲ ಮಾಡಿ 18 ಸಾವಿರ ಕಟ್ಟಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಳೆಯ ಪೇಪರ್‌ಗಳೂ ಕೀ ಉತ್ತರಗಳೂ ಸಿಗುತ್ತವೆ. ಎನ್‌ಸಿಇಆರ್‌ಟಿಯ ಎಕ್ಸೆಂಪ್ಲರ್ ಪುಸ್ತಕದಲ್ಲಿ ಪ್ರತಿ ಪಾಠಕ್ಕೂ ಬಹು ಆಯ್ಕೆ ಪ್ರಶ್ನೆಗಳಿವೆ, ಅದನ್ನೂ ಪುಕ್ಕಟೆ ಇಳಿಸಿಕೊಳ್ಳಬಹುದು. ಇವೆರಡು ಮುಗಿದ ಮೇಲೂ ಕೊರತೆ ಕಂಡರೆ ಆಗ ಯೋಚಿಸಿ. ಬೋರ್ಡ್ ಪರೀಕ್ಷೆ ಮುಗಿದು ಸಿಇಟಿಗೆ ಇರುವ ಮೂರ್ನಾಲ್ಕು ವಾರದ ಕ್ರ್ಯಾಶ್ ಕೋರ್ಸ್‌ಗಳಿಗೂ ಇದೇ ಮಾತು. ಶಿಸ್ತು ಬರುತ್ತದೆ, ಜೊತೆ ಸಿಗುತ್ತದೆ, ಅದು ಲಾಭ. ಆದರೆ ದಿನಾ ಒಂದು ಟೆಸ್ಟ್ ಕೊಟ್ಟು, ತಪ್ಪು ನೋಡಲು ಸಮಯವನ್ನೇ ಕೊಡದ ಕಡೆ ಸೇರಿದರೆ ನಿಮ್ಮ 19 ಅಲ್ಲೇ ನಿಲ್ಲುತ್ತದೆ.

ಬೋರ್ಡ್ ಬಿಟ್ಟು ಸಿಇಟಿಗೇ ಕೂರಲಾ ಎಂದು ಕೇಳಿದ್ದೀರಿ. ಖಂಡಿತ ಬೇಡ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ನಿಮ್ಮದೇ ಲೆಕ್ಕ ಹಾಕೋಣ. ಪಿಯುಸಿಯಲ್ಲಿ ಮೂರೂ ಸೇರಿ 300ಕ್ಕೆ 270 ಬಂತು ಎಂದುಕೊಳ್ಳಿ. ಅದರಿಂದ 50ಕ್ಕೆ 45. ಸಿಇಟಿಯಲ್ಲಿ ಈಗಿನ ಹಾಗೆ 29, 31, 19 ಸೇರಿ 180ಕ್ಕೆ 79. ಅದರಿಂದ 50ಕ್ಕೆ ಸುಮಾರು 21.9. ಒಟ್ಟು 66.9. ಗಣಿತ ಒಂದೇ 19ರಿಂದ 33ಕ್ಕೆ ಹೋದರೆ ಒಟ್ಟು 70.8. ಸುಮಾರು 3.9 ಏರಿಕೆ. ಇದೇ ಏರಿಕೆಯನ್ನು ಪಿಯುಸಿಯಿಂದ ತರಬೇಕೆಂದರೆ ಇನ್ನೂ 23 ಅಂಕ ಬೇಕು, ಅಂದರೆ 300ಕ್ಕೆ 293. ಹೀಗೆ ನೋಡಿದರೆ ಸಿಇಟಿಯ ಒಂದು ಅಂಕಕ್ಕೆ ಬೆಲೆ ಜಾಸ್ತಿ. ಆದರೆ ಕೈಯಲ್ಲಿರುವ 45 ಅನ್ನು ಕಳೆದುಕೊಂಡರೆ ಈ ಏರಿಕೆ ಎಲ್ಲಿಯೂ ಸಾಲದು. ಮಾರ್ಚ್ ಪರೀಕ್ಷೆವರೆಗೆ ದಿನದ ಗಣಿತದ ಸಮಯದಲ್ಲಿ ಮೂರನೇ ಎರಡು ಭಾಗ ಬೋರ್ಡ್‌ಗೆ, ಒಂದು ಭಾಗ ಸಿಇಟಿಗೆ ಇರಲಿ. ಬೋರ್ಡ್ ಮುಗಿದ ಮೇಲೆ ಪೂರ್ತಿ ಸಿಇಟಿ. ಬೋರ್ಡ್ ಪೇಪರ್‌ನ ‘ಎ’ ಭಾಗದಲ್ಲೂ ಬಹು ಆಯ್ಕೆ ಪ್ರಶ್ನೆಗಳಿವೆ, ಆ ಓದು ಎರಡಕ್ಕೂ ಆಗುತ್ತದೆ.

ದಿನದ ಆ ಒಂದು ಭಾಗದಲ್ಲಿ ಏನು ಮಾಡಬೇಕು? ಹತ್ತು ಪ್ರಶ್ನೆ, 13 ನಿಮಿಷ. ಮೊದಲ ತಿಂಗಳು ಒಂದೇ ಪಾಠದಿಂದ, ಆಮೇಲೆ ಬೇರೆ ಬೇರೆ ಪಾಠಗಳಿಂದ ಕಲಸಿ. ಕಲಸುವುದು ಮುಖ್ಯ. ಒಂದೇ ಪಾಠದ ಹತ್ತು ಲೆಕ್ಕ ಮಾಡುವಾಗ ಯಾವ ವಿಧಾನ ಎಂದು ಯೋಚಿಸುವ ಅಗತ್ಯವೇ ಇರುವುದಿಲ್ಲ, ಪಾಠದ ಹೆಸರೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಆ ಹೆಸರು ಇರುವುದಿಲ್ಲ. 13 ನಿಮಿಷದ ಟೆಸ್ಟ್ ಆದ ಮೇಲೆ ಅರ್ಧ ಗಂಟೆ ತಪ್ಪುಗಳನ್ನು ನೋಡಿ, ಆ ನಾಲ್ಕು ಪದಗಳಲ್ಲಿ ಒಂದನ್ನು ಪಕ್ಕದಲ್ಲಿ ಬರೆಯಿರಿ. ಒಂದು ವಾರ ಬಿಟ್ಟು ಅದೇ ತಪ್ಪುಗಳನ್ನು ಮಾತ್ರ ಮತ್ತೆ ಮಾಡಿ. ಎರಡು ವಾರಕ್ಕೊಂದು ಪೂರ್ತಿ ಪೇಪರ್ ಸಾಕು. ದಿನಾ ಪೂರ್ತಿ ಪೇಪರ್ ಮಾಡುವುದರಿಂದ ದಣಿವು ಬರುತ್ತದೆ, ಕಲಿಕೆ ಬರುವುದಿಲ್ಲ.

ಪೂರ್ತಿ ಪೇಪರ್ ಮಾಡುವ ದಿನ ಮೂರು ಸುತ್ತು. ಮೊದಲ ಸುತ್ತು 45 ನಿಮಿಷ, 60 ಪ್ರಶ್ನೆಯನ್ನೂ ಓದಬೇಕು. ಓದಿ 20 ಸೆಕೆಂಡಿನಲ್ಲಿ ದಾರಿ ಕಂಡರೆ ಮಾಡಿ, ಕಾಣದಿದ್ದರೆ ಪ್ರಶ್ನೆಯ ಪಕ್ಕದಲ್ಲಿ ಗುರುತು ಹಾಕಿ ಬಿಡಿ. ಬಿಡುವುದು ಮೊದಮೊದಲು ಕಷ್ಟ. ನಿಮ್ಮಂಥ ಶ್ರದ್ಧೆಯ ಮಕ್ಕಳಿಗೆ ಇನ್ನೂ ಕಷ್ಟ, ಬರುವ ಲೆಕ್ಕವನ್ನು ಬಿಟ್ಟು ಹೋಗಲು ಮನಸ್ಸು ಒಪ್ಪುವುದಿಲ್ಲ. ಆದರೆ ಆ ಪ್ರಶ್ನೆಗೂ ಒಂದೇ ಅಂಕ, ಮುಂದೆ ಕಾಯುತ್ತಿರುವ ಸುಲಭದ್ದಕ್ಕೂ ಒಂದೇ ಅಂಕ. ಎರಡನೇ ಸುತ್ತು 25 ನಿಮಿಷ, ಗುರುತು ಹಾಕಿದವುಗಳಿಗೆ. ಕೊನೆಯ ಹತ್ತು ನಿಮಿಷ ಉಳಿದ ವೃತ್ತಗಳನ್ನು ತುಂಬಲು. ಈ ವಿಧಾನದ ಅಪಾಯ ಒಂದೇ: ಪ್ರಶ್ನೆ ಹಾರಿಸುವಾಗ ಓಎಂಆರ್ ಹಾಳೆಯಲ್ಲಿ ಸಾಲು ತಪ್ಪುವುದು. 14ನೇ ಉತ್ತರ 13ರಲ್ಲಿ ತುಂಬಿದರೆ ಮುಂದಿನದೆಲ್ಲ ಜಾರುತ್ತದೆ, ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲೂ ಆಗುವುದಿಲ್ಲ. ಅದಕ್ಕೆ ಪ್ರತಿ ವೃತ್ತ ತುಂಬುವ ಮೊದಲು ಪ್ರಶ್ನೆಯ ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಎಲ್ಲವನ್ನೂ ಕೊನೆಗೆ ತುಂಬೋಣ ಎಂದು ಇಟ್ಟುಕೊಳ್ಳಬೇಡಿ. ಮನೆಯಲ್ಲೂ ಓಎಂಆರ್ ಹಾಳೆಯ ಪ್ರತಿ ಮುದ್ರಿಸಿಕೊಂಡು ಅಭ್ಯಾಸ ಮಾಡಿ.

ಇದನ್ನೆಲ್ಲ ಮಾಡಿದರೆ 55 ಬರುತ್ತದೆ ಎಂದು ನಾನು ಹೇಳುವುದಿಲ್ಲ. ನಿಮ್ಮ ಹಂತದಿಂದ ನಾಲ್ಕು ತಿಂಗಳಲ್ಲಿ 32ರಿಂದ 38ರ ಆಸುಪಾಸು ತಲುಪುವುದು ಕೈಗೆಟುಕುವ ಗುರಿ ಎಂದು ನನ್ನ ಅನುಭವ ಹೇಳುತ್ತದೆ. ಮೊದಲ ಒಂದು ತಿಂಗಳು ಅಂಕ ಏರದೇ ಇರಬಹುದು, ಒಂದೆರಡು ಇಳಿಯಲೂಬಹುದು. ಹೊಸ ಅಭ್ಯಾಸ ಕೂರುವವರೆಗೆ ಹಾಗೆಯೇ. ಅಲ್ಲಿ ಬಿಟ್ಟುಬಿಡಬೇಡಿ.

ಡ್ರಾಪ್ ಬಗ್ಗೆ ಈಗಲೇ ತೀರ್ಮಾನ ಬೇಡ. ಸಿಇಟಿ ವರ್ಷಕ್ಕೆ ಒಮ್ಮೆ ಮಾತ್ರ, ಹಾಗಾಗಿ ಡ್ರಾಪ್ ಅಂದರೆ ಪೂರ್ತಿ ಒಂದು ವರ್ಷ. ಕಾಲೇಜಿಲ್ಲ, ಗೆಳೆಯರಿಲ್ಲ, ಮನೆಯವರ ಕಣ್ಣೆಲ್ಲ ನಿಮ್ಮ ಮೇಲೆ. ಅದನ್ನು ತಡೆದುಕೊಂಡು ಓದುವವರು ಇದ್ದಾರೆ, ಮಧ್ಯದಲ್ಲಿ ಕುಸಿಯುವವರೂ ಇದ್ದಾರೆ. ಪಿಯುಸಿ ಅಂಕ ಕಡಿಮೆ ಬಂದರೆ ಅದೇ ವರ್ಷ ಪರೀಕ್ಷೆ-2 ಬರೆದು ಹೆಚ್ಚಿಸಿಕೊಳ್ಳುವ ಅವಕಾಶ 2024ರಿಂದ ಇದೆ, ಅದಕ್ಕಾಗಿ ಡ್ರಾಪ್ ಬೇಕಿಲ್ಲ. ರ‍್ಯಾಂಕ್ ಬಂದ ಮೇಲೆ, ಯಾವ ಕಾಲೇಜಿನಲ್ಲಿ ಯಾವ ಬ್ರಾಂಚ್ ಸಿಗುತ್ತದೆ ಎಂದು ಕಂಡ ಮೇಲೆ, ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. ಆಗಲೂ ನಾನು ಕೇಳುವ ಪ್ರಶ್ನೆ ಒಂದೇ: ಈ ವರ್ಷ ಮಾಡದ ಯಾವ ಕೆಲಸವನ್ನು ಮುಂದಿನ ವರ್ಷ ಮಾಡುತ್ತೀರಿ? ಅದಕ್ಕೆ ಖಚಿತ ಉತ್ತರ ಇದ್ದರೆ ಮಾತ್ರ ಡ್ರಾಪ್. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಪ್ರವೇಶ ಪರೀಕ್ಷೆ ಇನ್ನೊಂದು ಬಾಗಿಲು. ಮೂರು ಗಂಟೆಯಲ್ಲಿ 180 ಪ್ರಶ್ನೆ, ಅಲ್ಲೂ ಅಂಕ ಕಳೆಯುವುದಿಲ್ಲ. ರ‍್ಯಾಂಕಿಗೆ ಪಿಯುಸಿ ಅಂಕ ಸೇರುವುದಿಲ್ಲ, ಹಾಗಾಗಿ ನಿಮ್ಮ ಬಲವೇ ಅಲ್ಲಿ ಲೆಕ್ಕಕ್ಕಿಲ್ಲ. ಶುಲ್ಕವೂ ಸರ್ಕಾರಿ ಕೋಟಾಕ್ಕಿಂತ ಬಹಳ ಜಾಸ್ತಿ. ಅರ್ಜಿ ಹಾಕುವ ಮೊದಲು ಶುಲ್ಕದ ಪಟ್ಟಿ ನೋಡಿ.

ಬಿಎಸ್ಸಿ ಒಳ್ಳೆಯ ಓದು. ಗಣಿತವೋ ಭೌತಶಾಸ್ತ್ರವೋ ನಿಮಗೆ ಪ್ರೀತಿ ಅನ್ನಿಸಿದರೆ ಧೈರ್ಯವಾಗಿ ಸೇರಿ. 19 ಬಂತು ಅಂತ ಮಾತ್ರ ಸೇರಬೇಡಿ. ಎಂಜಿನಿಯರಿಂಗ್‌ನ ಮೊದಲ ವರ್ಷಗಳಲ್ಲೂ ಗಣಿತ ಇದೆ, ಆದರೆ ಅದು ಬರೆದು ಬಿಡಿಸುವ ಗಣಿತ, ನಿಮಗೆ ಈಗಾಗಲೇ ಬರುವ ಬಗೆಯದ್ದು. ಸಿಇಟಿಯ 80 ಸೆಕೆಂಡಿನ ಓಟ ಅಲ್ಲಿ ಯಾರೂ ಕೇಳುವುದಿಲ್ಲ. ನೀವು ಪಿಸಿಎಂಬಿ ಆಗಿರುವುದರಿಂದ ಸಿಇಟಿಯಲ್ಲಿ ಜೀವಶಾಸ್ತ್ರವನ್ನೂ ಬರೆಯಿರಿ. ಕೃಷಿ ಬಿಎಸ್ಸಿಯಂಥ ಕೋರ್ಸ್‌ಗಳ ದಾರಿ ತೆರೆದಿರುತ್ತದೆ.

ಕೊನೆಗೊಂದು ಮಾತು, ಇದನ್ನು ಅಪ್ಪನಿಗೂ ತೋರಿಸಿ. ಊರಿನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ ಎಂದಿದ್ದೀರಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟು ಮೀಸಲಿವೆ. ಎರಡಕ್ಕೂ ಅರ್ಹತೆ ಇದ್ದರೆ ಅರ್ಜಿಯಲ್ಲಿ ಎರಡನ್ನೂ ನಮೂದಿಸಿ. ಅದಕ್ಕೆ ಶಾಲೆಯಿಂದ ನಿಗದಿತ ನಮೂನೆಯಲ್ಲಿ ವ್ಯಾಸಂಗ ಪ್ರಮಾಣಪತ್ರ ತಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೇಲು ಸಹಿ ಹಾಕಿಸಬೇಕು. ಪ್ರಾಥಮಿಕ ಮತ್ತು ಪ್ರೌಢಶಾಲೆ ಬೇರೆ ಬೇರೆಯಾಗಿದ್ದರೆ ಎರಡು ಕಡೆಯಿಂದಲೂ ಬೇಕಾಗುತ್ತದೆ. ಅರ್ಜಿ ಶುರುವಾದ ಮೇಲೆ ಅಲೆದರೆ ನಿಮ್ಮ ಓದಿನ ದಿನಗಳು ಹೋಗುತ್ತವೆ. ಈ ಕೆಲಸವನ್ನು ಅಪ್ಪನಿಗೆ ವಹಿಸಿ, ಈ ತಿಂಗಳಲ್ಲೇ ಮುಗಿಸಿಕೊಳ್ಳಲಿ.